ಶಾಲೆಯ ಗೋಡೆ ಎಲ್ಲಿಯವರೆಗೆ

ಮೈಲೂರ ಕ್ರಾಸಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೋಟೆಲಿನವನು ಮೊದಲ ಚಾ ಸೋಸುತ್ತಿದ್ದಾನೆ, ಭಜಿಯ ಎಣ್ಣೆ ಈಗಷ್ಟೇ ಒಲೆಯ ಮೇಲೆ ಕೂತಿದೆ. ನಿಮ್ಮ ಬಗಲಲ್ಲಿರುವ ಪ್ಲಾಸ್ಟಿಕ್ ಫೈಲಿನ ಮೇಲೆ ಅವನ ಕಣ್ಣು ಬೀಳುತ್ತದೆ.

‘ಕಲಬುರಗಿಗೇನ್ರಿ ಕಾಕಾ? ತಾರೀಖ್ ಅದ ಏನು?’

‘ನಂದೇನಿಲ್ಲ. ಹಂಗೇ ನೋಡಿ ಬರಾಕ ಹೊಂಟೀನಿ.’

‘ಕೋರ್ಟ್ ಯಾರರೇ ಹಂಗೇ ನೋಡ್ಲಾಕ ಹೋಗ್ತಾರೇನ್ರಿ?’ ಎಂದು ನಕ್ಕು ಕಪ್ಪು ಮುಂದಿಡುತ್ತಾನೆ.

ಫೈಲಿನಲ್ಲಿರುವುದು ಒಂದು ಆದೇಶದ ಪ್ರತಿ. ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ, 2023ರ ಜೂನ್ 14. ಅರ್ಜಿದಾರರು ನಾಲ್ವರು, ಇದೇ ಬೀದರಿನ ಒಂದು ಶಾಲೆಯ ಆಡಳಿತ ಮಂಡಳಿಯವರು. ಎದುರುದಾರ ಕರ್ನಾಟಕ ಸರ್ಕಾರ. ಅಪರಾಧ: ಮಕ್ಕಳ ನಾಟಕ. ಹೀಗೆ ಯಾರೂ ಬರೆಯುವುದಿಲ್ಲ ಬಿಡಿ. ಕಾಗದದ ಮೇಲಿರುವುದು ಭಾರತೀಯ ದಂಡ ಸಂಹಿತೆಯ 124ಎ, 153ಎ, 504, 505(2), ಜೊತೆಗೆ 34. ಮೊದಲನೆಯದು ರಾಜದ್ರೋಹ, ಜೀವಾವಧಿಯವರೆಗೆ ಶಿಕ್ಷೆ ಇದ್ದ ಕಲಮು.

ಹುಮನಾಬಾದ್ ಮಾರ್ಗದ ಬಸ್ಸು ಸಿಗುತ್ತದೆ. 2017ರ ಅಕ್ಟೋಬರಿನಿಂದ ರೈಲೂ ಇದೆ. ಆದರೆ ಬಸ್ಸಿನಲ್ಲಿ ಕೋರ್ಟಿಗೆ ಹೋಗುವವರು ಸಿಗುತ್ತಾರೆ, ಅವರ ಮಾತು ಸಿಗುತ್ತದೆ. ಹಳ್ಳಿಖೇಡ ದಾಟುವ ಹೊತ್ತಿಗೆ ಪಕ್ಕದ ಸೀಟಿನ ಹೆಣ್ಣುಮಗಳು ತನ್ನ ಕತೆ ಬಿಚ್ಚುತ್ತಾಳೆ. ಅಪ್ಪ ಸರ್ಕಾರಿ ನೌಕರಿಯಲ್ಲಿದ್ದಾಗಲೇ ತೀರಿಕೊಂಡರು. ಅನುಕಂಪದ ಕೆಲಸ ಕೇಳಿದರೆ ‘ಲಗ್ನ ಆಗ್ಯಾದಲ್ಲ’ ಎಂದು ಆಫೀಸಿನವರು ಬಾಗಿಲು ಹಾಕಿದ್ದರಂತೆ. ಲಗ್ನವಾದ ಅಣ್ಣನಿದ್ದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. 2020ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಮದುವೆಯಾದ ಮಗಳನ್ನು ಹೊರಗಿಟ್ಟಿದ್ದ 1996ರ ಆ ನಿಯಮ ಸಂವಿಧಾನದ 14 ಮತ್ತು 15ನೇ ವಿಧಿಗಳಿಗೆ ವಿರುದ್ಧ ಎಂದರು. ಮಗ ಮದುವೆಯಾದರೂ ಮಗನೇ, ಮಗಳು ಮದುವೆಯಾದರೂ ಮಗಳೇ ಎಂಬುದು ಅದರ ತಿರುಳು. ಮುಂದಿನ ವರ್ಷ ಸರ್ಕಾರವೇ ನಿಯಮ ತಿದ್ದಿತು. ವಿಧಾನಸೌಧದಲ್ಲಿ ಒಂದು ದಿನದ ಚರ್ಚೆಯೂ ಇಲ್ಲದೆ ರಾಜ್ಯದ ಅದೆಷ್ಟೋ ಮನೆಗಳ ಲೆಕ್ಕ ಬದಲಾಯಿತು. ಹೈಕೋರ್ಟ್ ನ್ಯಾಯಮೂರ್ತಿಗಳು ಸಮಾನತೆಯ ಕಾನೂನನ್ನು ರೂಪಿಸುವುದು ಬಹುಮಟ್ಟಿಗೆ ಹೀಗೇ. ದೊಡ್ಡ ಘೋಷಣೆ ಇರುವುದಿಲ್ಲ. ಒಬ್ಬರ ಅರ್ಜಿ, ಒಂದು ನಿಯಮ, ಅದರಲ್ಲಿ ಒಂದು ತಿದ್ದುಪಡಿ.

ಕಿಟಕಿಯಾಚೆ ತೊಗರಿ ಹೊಲ. ಈ ದಾರಿಯೇ ಒಂದು ಕಾಲಕ್ಕೆ ತಿರುವುಮುರುವು. 1956ರವರೆಗೆ ಬೀದರಿನ ಮೇಲ್ಮನವಿ ಹೋಗುತ್ತಿದ್ದುದು ಹೈದರಾಬಾದಿಗೆ, ಮೂಸಿ ನದಿ ದಂಡೆಯ ಹೈಕೋರ್ಟಿಗೆ. ಸುಮಾರು 140 ಕಿಲೋಮೀಟರ್. ನಿಜಾಮರ ಕಾಲದಲ್ಲಿ ಅಲ್ಲಿ ವಾದ ನಡೆಯುತ್ತಿದ್ದುದು ಉರ್ದುವಿನಲ್ಲಿ. ನವೆಂಬರ್ 1ರಂದು ರಾಜ್ಯ ಒಂದಾಯಿತು, ಕೋರ್ಟು ದೂರವಾಯಿತು. ಬೆಂಗಳೂರಿಗೆ ಹತ್ತಿರ ಹತ್ತಿರ 700 ಕಿಲೋಮೀಟರ್. ಒಂದು ವಕಾಲತ್ತಿಗೆ ಸಹಿ ಹಾಕಿ ಬರಲು ಎರಡು ರಾತ್ರಿ ಪ್ರಯಾಣ. ಅರ್ಧ ಶತಮಾನ ಕಳೆದ ಮೇಲೆ, ವಕೀಲರ ಎಷ್ಟೋ ಧರಣಿಗಳಾದ ಮೇಲೆ, 2008ರ ಜುಲೈಯಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು. 2013ರ ಆಗಸ್ಟ್ ಕೊನೆಗೆ ಅದು ಕಾಯಂ ಆಯಿತು. ಹಕ್ಕು ಸಂವಿಧಾನದಲ್ಲಿದ್ದರೂ ಬಸ್ ಚಾರ್ಜು ಜೇಬಿನಲ್ಲಿರಬೇಕಲ್ಲ.

ಫೈಲು ಬಿಚ್ಚಿ.

2020ರ ಜನವರಿ 21. ಬೀದರಿನ ಶಾಹೀನ್ ಶಾಲೆಯೊಳಗೆ ಕೂತಿದ್ದೀರಿ. 1989ರಲ್ಲಿ ಸಣ್ಣದಾಗಿ ಶುರುವಾಗಿ ಈಗ ಊರೂರಿಗೆ ಹಬ್ಬಿರುವ ಸಂಸ್ಥೆ. ಮಗುವನ್ನು ಡಾಕ್ಟರ್ ಮಾಡಬೇಕೆನ್ನುವ ಎಷ್ಟೋ ಮನೆಗಳಿಗೆ ಗೊತ್ತಿರುವ ಹೆಸರು. ವೇದಿಕೆಯ ಮೇಲೆ ನಾಲ್ಕು, ಐದು, ಆರನೇ ತರಗತಿಯ ಮಕ್ಕಳು. ಪೌರತ್ವ ತಿದ್ದುಪಡಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದು ಇನ್ನೂ ಒಂದೂವರೆ ತಿಂಗಳಾಗಿಲ್ಲ. ಹಗಲೂರಾತ್ರಿ ಮನೆಯಲ್ಲಿ ಟಿವಿಯ ಮುಂದೆ ದೊಡ್ಡವರು ಆಡಿಕೊಳ್ಳುವ ಮಾತನ್ನೇ ಮಕ್ಕಳು ಆಡುತ್ತಿದ್ದಾರೆ: ಕಾಗದಪತ್ರ ಕೇಳುತ್ತಾರಂತೆ, ಇಲ್ಲದಿದ್ದರೆ ದೇಶ ಬಿಡಬೇಕಂತೆ. ಒಂದು ಕಡೆ ಚಪ್ಪಲಿಯ ಮಾತೂ ಬರುತ್ತದೆ, ಪ್ರಧಾನಿಯ ಹೆಸರಿನ ಜೊತೆಗೆ. ಮಕ್ಕಳು ಮಾತು ಮರೆಯುತ್ತಾರೆ, ನೆನಪಿಸಿಕೊಂಡು ಮುಂದುವರಿಯುತ್ತಾರೆ. ಕೂತವರು ಚಪ್ಪಾಳೆ ತಟ್ಟುತ್ತಾರೆ.

ಅಲ್ಲಿಗೆ ಮುಗಿಯಬೇಕಿತ್ತು. ಒಬ್ಬರು ವಿಡಿಯೊವನ್ನು ಫೇಸ್‌ಬುಕ್‌ಗೆ ಹಾಕುತ್ತಾರೆ.

ಜನವರಿ 26, ಗಣರಾಜ್ಯೋತ್ಸವ. ಈಗ ನೀವು ನ್ಯೂ ಟೌನ್ ಪೊಲೀಸ್ ಠಾಣೆಯಲ್ಲಿದ್ದೀರಿ. ಫಿರ್ಯಾದಿ ಬಂದಿದೆ, ಎಫ್‌ಐಆರ್ ದಾಖಲಾಗಿದೆ. ಆ ನಮೂನೆಯಲ್ಲಿ ಕಲಮುಗಳನ್ನು ತುಂಬುವ ಜಾಗವನ್ನು ಹತ್ತಿರದಿಂದ ನೋಡಿ. ಒಂದು ಸಾಲಿಗಿಂತ ಹೆಚ್ಚಿಲ್ಲ. 504 ಒಂದನ್ನೇ ಬರೆದು ಬಿಟ್ಟಿದ್ದರೆ ಅದು ಅವಮಾನದ ದೂರು: ಜಾಮೀನು ಸಿಗುವಂಥದ್ದು, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೂ ಇಳಿಯಲಾಗದಂಥದ್ದು. ಅದರ ಮಗ್ಗುಲಿಗೆ 124ಎ ಬಿದ್ದ ಗಳಿಗೆಯಿಂದ ಎಲ್ಲದರ ಬಣ್ಣ ಬೇರೆ. 1870ರಲ್ಲಿ ಬ್ರಿಟಿಷರು ಸಂಹಿತೆಗೆ ಸೇರಿಸಿದ ಕಲಮು ಅದು. ಟಿಳಕರ ಮೇಲೂ ಗಾಂಧಿಯವರ ಮೇಲೂ ಹಾಕಿದ್ದರು. 2020ರಲ್ಲಿ ಐದನೇ ಕ್ಲಾಸಿನ ಮಕ್ಕಳು ಆಡಿದ ಮಾತಿಗೆ ಅದೇ.

ಜನವರಿ 30. ಇಬ್ಬರ ಬಂಧನವಾಗುತ್ತದೆ. ಒಬ್ಬರು ಶಾಲೆಯ ಮುಖ್ಯ ಶಿಕ್ಷಕಿ. ಇನ್ನೊಬ್ಬರು ಆ ಮಾತು ಆಡಿದ ಹುಡುಗಿಯ ತಾಯಿ. ಮಗಳನ್ನು ಒಂಟಿಯಾಗಿ ಸಾಕುತ್ತಿದ್ದವರು. ಮಗಳಿಗೆ ಮಾತು ಕಲಿಸಿಕೊಟ್ಟರು ಎಂಬುದು ಅವರ ಮೇಲಿನ ಆರೋಪ. ತಾಯಿ ಜೈಲಿನಲ್ಲಿ, ಹುಡುಗಿ ನೆರೆಮನೆಯಲ್ಲಿ.

ಅದೇ ದಿನಗಳ ಶಾಲೆಯೊಳಗೂ ಒಮ್ಮೆ ಹೋಗಿ ಬನ್ನಿ. ಪುಸ್ತಕ ಮುಚ್ಚಿಟ್ಟು ಮಕ್ಕಳು ಕೂತಿದ್ದಾರೆ. ಎದುರಿಗೆ ಪೊಲೀಸರು, ಕೆಲವರು ಖಾಕಿಯಲ್ಲೇ, ಸೊಂಟದಲ್ಲಿ ಶಸ್ತ್ರ. ನಾಟಕ ಯಾರು ಬರೆದರು, ಮಾತು ಯಾರು ಕಲಿಸಿದರು? ಒಂಬತ್ತು ಹತ್ತು ವರ್ಷದ ಮಗು ಏನು ಉತ್ತರ ಕೊಡಬೇಕು? ಒಂದಲ್ಲ, ಹಲವು ದಿನ ಹೀಗೆ ವಿಚಾರಣೆ ನಡೆಯುತ್ತದೆ. ಆ ಕೋಣೆಯ ಫೋಟೊಗಳು ಉಳಿದುಕೊಂಡವು. ಮುಂದೆ ಬೆಂಗಳೂರಿನಲ್ಲಿ ಮಾತಾಡಿದ್ದು ಆ ಫೋಟೊಗಳೇ.

ಹೈಕೋರ್ಟಿನ ಕತೆ ಹೇಳುವವರು ಸಾಮಾನ್ಯವಾಗಿ ಜಿಲ್ಲಾ ಕೋರ್ಟನ್ನು ಹಾರಿಸಿಬಿಡುತ್ತಾರೆ. ನಾವು ಹಾರಿಸುವುದು ಬೇಡ, ಏಕೆಂದರೆ ಈ ಪ್ರಕರಣದಲ್ಲಿ ಮೊದಲು ನೆಟ್ಟಗೆ ಮಾತಾಡಿದ್ದು ಬೀದರೇ. ಫೆಬ್ರುವರಿ 14ರಂದು ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶೆ ಮನಗೂಳಿ ಪ್ರೇಮಾವತಿ ಅವರು ಇಬ್ಬರು ಹೆಣ್ಣುಮಕ್ಕಳಿಗೆ ಜಾಮೀನು ಕೊಟ್ಟರು. ಮಾರ್ಚಿನಲ್ಲಿ ಆಡಳಿತ ಮಂಡಳಿಯವರ ನಿರೀಕ್ಷಣಾ ಜಾಮೀನಿನ ಅರ್ಜಿ ಬಂದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಕ್ಕಳು ಹೇಳಿದ್ದು ಕಾಗದ ತೋರಿಸದಿದ್ದರೆ ದೇಶ ಬಿಡಬೇಕಾಗುತ್ತದೆ ಎಂದಷ್ಟೇ. ಇದರಲ್ಲಿ ಮೇಲ್ನೋಟಕ್ಕೆ ರಾಜದ್ರೋಹವೇನೂ ಕಾಣುವುದಿಲ್ಲ. ಕಾಯ್ದೆಯ ಪರವಾಗಿಯೂ ವಿರುದ್ಧವಾಗಿಯೂ ದೇಶದ ಉದ್ದಗಲಕ್ಕೂ ಮೆರವಣಿಗೆಗಳು ನಡೆಯುತ್ತಿವೆ. ಸರ್ಕಾರದ ಕ್ರಮ ಒಪ್ಪಿಗೆಯಿಲ್ಲ ಎಂದು ಕಾನೂನಿನ ದಾರಿಯಲ್ಲಿ ಹೇಳಲು ನಾಗರಿಕರಿಗೆ ಹಕ್ಕಿದೆ. ಜಿಲ್ಲಾ ನ್ಯಾಯಾಧೀಶರ ಆದೇಶ ಕಾನೂನು ವರದಿಗಳ ಪುಸ್ತಕದಲ್ಲಿ ಅಚ್ಚಾಗುವುದಿಲ್ಲ, ಬೇರೆ ಕೋರ್ಟುಗಳನ್ನು ಕಟ್ಟಿಹಾಕುವುದೂ ಇಲ್ಲ. ಆದರೆ ಮೂರು ವರ್ಷದ ಮೇಲೆ ಕಲಬುರಗಿ ಹೇಳಿದ್ದರ ಬಹುಭಾಗ ಅಲ್ಲಿ ಆಗಲೇ ಇತ್ತು.

ಜಾಮೀನು ಸಿಕ್ಕಿತು, ಕೇಸು ಉಳಿಯಿತು. ಜಾಮೀನಿನ ಮೇಲಿರುವವರ ಬದುಕು ನಿಮಗೆ ಗೊತ್ತಿರಬಹುದು: ಊರು ಬಿಡುವಾಗ ಎರಡು ಸಲ ಯೋಚನೆ, ಬಾಗಿಲು ಬಡಿದರೆ ಎದೆ ಬಡಿತ.

ಇಲ್ಲಿಂದ ಕತೆಗೆ ಎರಡು ದಾರಿ. ಒಂದು ಬೆಂಗಳೂರಿಗೆ ಹೋಗುತ್ತದೆ, ಮಕ್ಕಳ ಹೆಸರಿನಲ್ಲಿ. ಒಬ್ಬ ವಕೀಲೆ ಮತ್ತು ಒಂದು ಮಾನವ ಹಕ್ಕು ಸಂಸ್ಥೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. 2021ರ ಆಗಸ್ಟ್. ಮುಖ್ಯ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಅವರ ವಿಭಾಗೀಯ ಪೀಠದ ಮುಂದೆ ಆ ಫೋಟೊಗಳಿವೆ. ನಾಟಕದಲ್ಲಿ ಏನಿತ್ತು ಎಂಬ ಗೋಜಿಗೆ ಪೀಠ ಹೋಗುವುದಿಲ್ಲ. ಖಾಕಿ ತೊಟ್ಟು, ಶಸ್ತ್ರ ಇಟ್ಟುಕೊಂಡು ಮಕ್ಕಳೆದುರು ಕೂತದ್ದು ಮೇಲ್ನೋಟಕ್ಕೇ ಮಕ್ಕಳ ಹಕ್ಕಿನ ಗಂಭೀರ ಉಲ್ಲಂಘನೆ ಎನ್ನುತ್ತದೆ. 2016ರ ಬಾಲನ್ಯಾಯ ನಿಯಮಗಳ ಪ್ರಕಾರ ಮಕ್ಕಳೊಂದಿಗೆ ಮಾತಾಡುವ ಪೊಲೀಸರು ಆದಷ್ಟೂ ಸಾದಾ ಬಟ್ಟೆಯಲ್ಲಿರಬೇಕು, ಹೆಣ್ಣುಮಕ್ಕಳ ಜೊತೆ ಮಹಿಳಾ ಪೊಲೀಸರಿರಬೇಕು. ನಿಯಮ ಐದು ವರ್ಷದಿಂದ ಪುಸ್ತಕದಲ್ಲಿ ಮಲಗಿತ್ತು. ಯಾರ ಮೇಲೆ ಏನು ಕ್ರಮ ಕೈಗೊಂಡಿದ್ದೀರಿ ಎಂದು ಪೀಠ ಸರ್ಕಾರವನ್ನು ಕೇಳಿದಾಗ ಅದಕ್ಕೆ ಜೀವ ಬಂತು. ತಪ್ಪು ಮಾಡಿದರೆಂಬ ಆರೋಪ ಯಾರ ಮೇಲಿದೆಯೋ ಅವರಿಗಷ್ಟೇ ಅಲ್ಲ, ಸಾಕ್ಷಿಯಾಗಿ ಕೂತ ಮಗುವಿಗೂ ಹಕ್ಕಿದೆ ಎಂಬುದನ್ನು ಠಾಣೆಗಳು ಕೇಳಿಸಿಕೊಳ್ಳಬೇಕಾಯಿತು. ಅದೇ ತಿಂಗಳ 31ರಂದು ಓಕಾ ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ಪ್ರಮಾಣ ತೆಗೆದುಕೊಂಡರು. ಅವರ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಎರಡನೇ ದಾರಿ ನೀವೀಗ ಹೋಗುತ್ತಿರುವುದು. ಕಮಲಾಪುರದಲ್ಲಿ ಬಸ್ಸು ನಿಂತಿದೆ, ಕೆಂಪು ಬಾಳೆಯ ಗೊನೆ ಹಿಡಿದವರು ಕಿಟಕಿಗೆ ಬರುತ್ತಾರೆ. ಇನ್ನು ಮುಕ್ಕಾಲು ಗಂಟೆ.

ಕೋರ್ಟ್ ಹಾಲ್. ಹೊರಗೆ ಬೋರ್ಡಿನ ಮೇಲೆ ನಂಬರು ಓಡುತ್ತಿದೆ, ಕರಿಕೋಟಿನವರ ಕಣ್ಣೆಲ್ಲ ಅದರ ಮೇಲೆ. ಒಳಗೆ ಸಿನಿಮಾದ ಗದ್ದಲವಿಲ್ಲ. ಅಧಿಕಾರಿ ಪ್ರಕರಣದ ಸಂಖ್ಯೆ ಕೂಗುತ್ತಾರೆ, ವಕೀಲರು ಏಳುತ್ತಾರೆ, ಎರಡು ಮಾತು, ಮುಂದಿನ ತಾರೀಖು. ಎದುರಿಗೆ ಸರ್ಕಾರಿ ವಕೀಲರ ಮೇಜಿನ ಮೇಲೆ ದಾರ ಕಟ್ಟಿದ ಫೈಲುಗಳ ರಾಶಿ. ನ್ಯಾಯಮೂರ್ತಿಗಳು ಬೆಂಗಳೂರಿನಿಂದ ಸರದಿಯ ಮೇಲೆ ಬಂದು ಇಲ್ಲಿ ಕೂರುತ್ತಾರೆ. ಯಾವ ಅರ್ಜಿ ಯಾರ ಮುಂದೆ ಬರುತ್ತದೆ ಎನ್ನುವುದು ಸರದಿಯ ಪಟ್ಟಿಗೆ ಬಿಟ್ಟದ್ದು. ಕಕ್ಷಿದಾರರು ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ವಾದ ಇಂಗ್ಲಿಷಿನಲ್ಲಿ. ತಮ್ಮ ಕೇಸು ಯಾವಾಗ ಬಂತು, ಯಾವಾಗ ಹೋಯಿತು ಎನ್ನುವುದು ಎಷ್ಟೋ ಜನಕ್ಕೆ ತಿಳಿಯುವುದು ಹೊರಗೆ ಬಂದು ‘ಏನಾಯ್ತ್ರೀ ವಕೀಲ್ ಸಾಬ್?’ ಎಂದು ಕೇಳಿದ ಮೇಲೆ.

ಶಾಲೆಯವರು ಹಾಕಿದ್ದು ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಮಿನ ಅರ್ಜಿ. ಸಾಕ್ಷಿ ವಿಚಾರಣೆಗೆ ಇಳಿಯುವುದೇ ಬೇಡ, ಎಫ್‌ಐಆರ್‌ನಲ್ಲಿ ಬರೆದದ್ದನ್ನೆಲ್ಲ ನಿಜವೆಂದೇ ಇಟ್ಟುಕೊಂಡರೂ ಅಪರಾಧ ಆಗುತ್ತದೆಯೇ ನೋಡಿ ಎನ್ನುವ ಅರ್ಜಿ. ನ್ಯಾಯಮೂರ್ತಿ ಹೇಮಂತ್ ಚಂದನಗೌಡರ್ ಅವರ ಏಕಸದಸ್ಯ ಪೀಠ. ಅವರ ಮುಂದೆ 1962ರ ಕೇದಾರನಾಥ ಸಿಂಗ್ ತೀರ್ಪಿದೆ: ಐವರು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಪೀಠ 124ಎಯನ್ನು ಉಳಿಸಿತು, ಆದರೆ ಅದರ ಕೈಕಾಲು ಕಟ್ಟಿತು. ಸರ್ಕಾರವನ್ನು ಎಷ್ಟೇ ಖಾರವಾಗಿ ಟೀಕಿಸಿದರೂ ಅಪರಾಧವಲ್ಲ. ಹಿಂಸೆಗೆ ಕುಮ್ಮಕ್ಕು, ಸಾರ್ವಜನಿಕ ಶಾಂತಿ ಕೆಡಿಸುವ ಉದ್ದೇಶ ಅಥವಾ ಪ್ರವೃತ್ತಿ ಇರಬೇಕು. ಇನ್ನೊಂದೂ ಇದೆ. 2022ರ ಮೇ 11ರಂದು ಸುಪ್ರೀಂ ಕೋರ್ಟ್ 124ಎ ಪ್ರಕರಣಗಳನ್ನೆಲ್ಲ ತಡೆಹಿಡಿದು, ಹೊಸದಾಗಿ ದಾಖಲಿಸುವುದನ್ನೂ ನಿಲ್ಲಿಸಬೇಕೆಂದಿತ್ತು. ಅಲ್ಲಿನ ಅರ್ಜಿದಾರರಲ್ಲಿ ಮೊದಲ ಹೆಸರು ಮೈಸೂರಿನಲ್ಲಿ ನೆಲೆಸಿದ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಅವರದು. ಸೈನ್ಯದಲ್ಲಿ ಬದುಕು ಸವೆಸಿದವರು ರಾಜದ್ರೋಹದ ಕಲಮು ಬೇಡ ಎಂದದ್ದು ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ.

ಆದೇಶದ ನಡುಭಾಗ ತೆರೆಯಿರಿ. ನ್ಯಾಯಮೂರ್ತಿಗಳು ಒಂದೊಂದೇ ಕಲಮು ಹಿಡಿದು ನೋಡುತ್ತಾರೆ. 153ಎಗೆ ಎರಡು ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಮಾತು ಬೇಕು; ಇಲ್ಲಿ ಬೇರೆ ಸಮುದಾಯದ ಸುದ್ದಿಯೇ ಇಲ್ಲ. 124ಎಗೆ ಹಿಂಸೆಯ ಕರೆ ಬೇಕು. ಮಕ್ಕಳು ಆಡಿದ್ದರಲ್ಲಿ ಅದಿಲ್ಲ. ಚಪ್ಪಲಿಯ ಮಾತು? ಅದು ಅವಹೇಳನಕಾರಿ, ಬೇಜವಾಬ್ದಾರಿಯದು ಎಂದು ಖಡಾಖಂಡಿತವಾಗಿ ಬರೆಯುತ್ತಾರೆ. ನೀತಿಯನ್ನು ಟೀಕಿಸಬಹುದು, ಸಾಂವಿಧಾನಿಕ ಹುದ್ದೆಯಲ್ಲಿರುವವರನ್ನು ಹೀಗಳೆಯಬಾರದು ಎನ್ನುತ್ತಾರೆ. ಅಷ್ಟು ಹೇಳಿದ ಮೇಲೂ, ಬೇಜವಾಬ್ದಾರಿ ಬೇರೆ, ರಾಜದ್ರೋಹ ಬೇರೆ ಎಂದು ಗೆರೆ ಎಳೆಯುತ್ತಾರೆ. ತಮಗೆ ಇಷ್ಟವಾಗದ ಮಾತಿಗೂ ಕಾನೂನಿನ ರಕ್ಷಣೆ ಕೊಡುವುದು ನ್ಯಾಯಮೂರ್ತಿಯ ನಿಜವಾದ ಪರೀಕ್ಷೆ. ಇಲ್ಲಿ ಚಂದನಗೌಡರ್ ಅವರು ಅದರಲ್ಲಿ ಪಾಸಾಗಿದ್ದಾರೆ.

ಕೊನೆಗೆ ಅವರು ಆಧರಿಸಿದ್ದು ಶಾಲೆಯ ಗೋಡೆಯನ್ನು. ನಾಟಕ ನಡೆದದ್ದು ಶಾಲೆಯ ಆವರಣದೊಳಗೆ. ಫೇಸ್‌ಬುಕ್‌ನಲ್ಲಿ ಹಾಕುವವರೆಗೆ ಹೊರಗಿನ ಜನಕ್ಕೆ ಗೊತ್ತೇ ಇರಲಿಲ್ಲ. ಹಾಗಿದ್ದಮೇಲೆ ಜನರನ್ನು ಹಿಂಸೆಗೆ ಎಬ್ಬಿಸುವ ಉದ್ದೇಶದಿಂದ ಆಡಿಸಿದರು ಎಂದು ಯಾವ ಲೆಕ್ಕದಲ್ಲಿ ಹೇಳುವುದು? ಎಫ್‌ಐಆರ್ ರದ್ದು.

ಆದರೆ ಆದೇಶ ಅಲ್ಲಿಗೆ ನಿಲ್ಲುವುದಿಲ್ಲ. ಪೂರ್ಣ ಪ್ರತಿ ಜುಲೈನಲ್ಲಿ ಹೊರಬಂದಾಗ ಪತ್ರಿಕೆಗಳು ಇನ್ನೊಂದು ಭಾಗವನ್ನೂ ದೊಡ್ಡದಾಗಿ ಹಾಕಿದವು. ಶಾಲೆಗಳಿಗೆ ಬುದ್ಧಿಮಾತು: ಸರ್ಕಾರದ ನೀತಿಗಳ ಟೀಕೆಯಿಂದ ಮಕ್ಕಳನ್ನು ದೂರವಿಡಿ. ಓದಿನಲ್ಲಿ ಆಸಕ್ತಿ ಹುಟ್ಟಿಸುವ ಸೃಜನಶೀಲ ನಾಟಕ ಆಡಿಸಿ. ಅಂದಂದಿನ ರಾಜಕೀಯದ ಸುತ್ತ ಸುಳಿದಾಡಿದರೆ ಎಳೆಯ ಮನಸ್ಸು ಕೆಡುತ್ತದೆ.

ವಕೀಲರನ್ನು ಕೇಳಿದರೆ ‘ಅದು ಬಂಧಿಸುವ ಮಾತಲ್ಲ, ತೀರ್ಮಾನಕ್ಕೆ ಬೇಕಿರಲಿಲ್ಲ’ ಎನ್ನುತ್ತಾರೆ. ಕಾನೂನಿನಲ್ಲಿ ನಿಜ. ಆದರೆ ಔರಾದಿನ ಕಡೆಯ ಒಂದು ಹಳ್ಳಿ ಶಾಲೆಯ ಹೆಡ್‌ಮಾಸ್ತರನ್ನು ನೆನೆಸಿಕೊಳ್ಳಿ. ಗ್ಯಾದರಿಂಗಿಗೆ ಮಕ್ಕಳು ನೀರಿನ ತೊಂದರೆಯ ಮೇಲೆ ನಾಟಕ ಬರೆದಿದ್ದಾರೆ, ಪಂಚಾಯಿತಿಯನ್ನು ಗೇಲಿ ಮಾಡಿದ್ದಾರೆ. ಆತನಿಗೆ ಕೇದಾರನಾಥ ಸಿಂಗ್ ತೀರ್ಪು ಗೊತ್ತಿಲ್ಲ. ಪೇಪರಿನಲ್ಲಿ ಬಂದ ಬುದ್ಧಿಮಾತು ಗೊತ್ತಿದೆ, ಬೀದರಿನಲ್ಲಿ ಇಬ್ಬರು ಜೈಲಿಗೆ ಹೋದದ್ದು ಅದಕ್ಕಿಂತ ಚೆನ್ನಾಗಿ ಗೊತ್ತಿದೆ. ‘ಬ್ಯಾಡಪ್ಪ, ಕಿತ್ತೂರು ಚೆನ್ನಮ್ಮ ಮಾಡ್ರಿ’ ಎನ್ನುತ್ತಾನೆ. ಚೆನ್ನಮ್ಮ ಕಪ್ಪ ಕೇಳಿದ ಸರ್ಕಾರದ ವಿರುದ್ಧವೇ ಕತ್ತಿ ಹಿಡಿದವಳು ಎನ್ನುವುದು ಆ ಹೊತ್ತಿಗೆ ಯಾರ ನೆನಪಿಗೂ ಬರುವುದಿಲ್ಲ. ಆದೇಶದ ಒಂದು ಭಾಗ ಆರೋಪಿಗಳನ್ನು ಬಿಡಿಸಿತು. ಇನ್ನೊಂದು ಭಾಗ ಇಂಥ ಹೆಡ್‌ಮಾಸ್ತರರ ಕೈ ಕಟ್ಟಿಹಾಕಿತು. ನ್ಯಾಯಮೂರ್ತಿಗಳು ಹಕ್ಕುಗಳನ್ನು ರೂಪಿಸುವುದು ತೀರ್ಮಾನದಿಂದ ಮಾತ್ರ ಎಂದುಕೊಂಡವರು ಈ ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಕೇಳಿದರೆ ಆ ಭಾಗ ಇರದಿದ್ದರೆ ಚೆನ್ನಾಗಿತ್ತು.

ಗೋಡೆಯ ಮಾತು ಬಂತಲ್ಲ, ಅದೇ ಹೈಕೋರ್ಟಿನ ಇನ್ನೊಂದು ಹಾಲಿಗೆ ಹೋಗೋಣ. ಬೆಂಗಳೂರು, 2022ರ ಮಾರ್ಚ್ 15. ಮುಖ್ಯ ನ್ಯಾಯಮೂರ್ತಿ ರಿತು ರಾಜ್ ಅವಸ್ಥಿ, ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್, ಜೆ.ಎಂ. ಖಾಜಿ. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನ ಬಾಗಿಲಲ್ಲಿ ಶುರುವಾದ ಹಿಜಾಬ್ ಪ್ರಕರಣದ ತೀರ್ಪು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರ ಸಮಂಜಸ ನಿರ್ಬಂಧ, ಫೆಬ್ರುವರಿ 5ರ ಸರ್ಕಾರಿ ಆದೇಶ ಸರಿ. ಶಾಲೆ ಬೀದಿಯಂಥ ಸಾರ್ವಜನಿಕ ಜಾಗವಲ್ಲ, ಒಂದು ಉದ್ದೇಶಕ್ಕಾಗಿ ಕಟ್ಟಿದ ಜಾಗ. ಅಲ್ಲಿ ವ್ಯಕ್ತಿಯ ಹಕ್ಕು ಒಂದಿಷ್ಟು ಹಿಂದೆ ಸರಿಯುತ್ತದೆ ಎಂಬುದು ವಾದದ ಒಂದು ಮುಖ್ಯ ಕೊಂಡಿ.

ಈ ಎರಡು ಆದೇಶಗಳನ್ನು ಪಕ್ಕಪಕ್ಕ ಇಟ್ಟು ಓದಿ. ಒಂದೇ ಹೈಕೋರ್ಟು, ಹದಿನೈದು ತಿಂಗಳ ಅಂತರ. ಉಡುಪಿಯಲ್ಲಿ ಶಾಲೆಯ ಗೋಡೆ ಹುಡುಗಿಯ ಹಕ್ಕನ್ನು ಹೊರಗೇ ಬಿಟ್ಟು ಬಾ ಎನ್ನುತ್ತದೆ. ಬೀದರಿನಲ್ಲಿ ಅದೇ ಗೋಡೆ ಹುಡುಗಿಯ ಮಾತಿಗೆ ಮರೆಯಾಗಿ ನಿಲ್ಲುತ್ತದೆ, ಒಳಗೆ ಆಡಿದ್ದನ್ನು ಒಳಗಿನದು ಎಂದು ಕಾಯುತ್ತದೆ. ಬುದ್ಧಿಮಾತಿನ ಭಾಗದಲ್ಲಿ ಮತ್ತೆ ತಿರುಗಿ, ಹೊರಗಿನ ಗದ್ದಲ ಒಳಗೆ ತರಬೇಡ ಎನ್ನುತ್ತದೆ. ಸಂವಿಧಾನದಲ್ಲಿ ಶಾಲೆಯ ಗೋಡೆ ಎಂಬ ವಿಧಿ ಎಲ್ಲಿಯೂ ಇಲ್ಲ. ಅದನ್ನು ಎಬ್ಬಿಸಿದವರು, ಎತ್ತರ ಅಳೆಯುವವರು ನ್ಯಾಯಮೂರ್ತಿಗಳೇ.

ಗೋಡೆ ಇಳಿಸಿದವರೂ ಇದ್ದಾರೆ. ಹಿಜಾಬ್ ಮೇಲ್ಮನವಿಯಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರಲ್ಲಿ ಒಡಕು ಬಂತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅವರು ಹೈಕೋರ್ಟ್ ಹೇಳಿದ್ದೇ ಸರಿ ಎಂದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಹುಡುಗಿಯ ಘನತೆ, ಖಾಸಗಿತನ ಶಾಲೆಯ ಗೇಟಿನಲ್ಲಿ ಮುಗಿಯುವುದಿಲ್ಲ ಎಂದರು. ಅವರ ಮುಂದೆ 1986ರ ಒಂದು ಹಳೆಯ ತೀರ್ಪಿತ್ತು. ಕೇರಳದ ಮೂವರು ಒಡಹುಟ್ಟಿದ ಮಕ್ಕಳು, ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆಗೆ ಎದ್ದು ನಿಂತರು, ಹಾಡಲಿಲ್ಲ. ಶಾಲೆ ಹೊರಹಾಕಿತು, ಕೇರಳ ಹೈಕೋರ್ಟ್ ಶಾಲೆಯ ಪರ ನಿಂತಿತು, ಸುಪ್ರೀಂ ಕೋರ್ಟ್ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿತು. ಬರೆದವರು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ. ನಿವೃತ್ತರಾದ ಮೇಲೆ ನಮ್ಮ ರಾಜ್ಯದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ವರದಿ ಬರೆದವರೂ ಅವರೇ.

ಕಲಬುರಗಿಯಲ್ಲಿ ಮಧ್ಯಾಹ್ನದ ಬಿಡುವು. ಹೊರಗೆ ಬಿಸಿಲು ಕಾದಿದೆ. ಬೆಳಗಿನ ಬಸ್ಸಿನ ಹೆಣ್ಣುಮಗಳು ಮರದ ನೆರಳಲ್ಲಿ ಬುತ್ತಿ ಬಿಚ್ಚಿದ್ದಾಳೆ, ಜೋಳದ ರೊಟ್ಟಿ, ಪುಂಡಿಪಲ್ಯ. ‘ನಂಬರ್ ಬಂತೇನ್ರಿ ಅಕ್ಕಾ?’ ಎಂದರೆ, ‘ಇನ್ನಾ ಇಲ್ರಿ, ಊಟಾದ ಮ್ಯಾಲ ಅಂತ’ ಎಂದು ನಿಮಗೂ ಅರ್ಧ ರೊಟ್ಟಿ ಮುರಿದು ಕೊಡುತ್ತಾಳೆ. ನಿಯಮ ಬದಲಾದ ಮೇಲೂ ಆಕೆ ಇಲ್ಲಿಗೆ ಬರಬೇಕಾಗಿದೆ. ಅಪ್ಪ ತೀರಿಕೊಂಡದ್ದು ಯಾವ ವರ್ಷ, ಅರ್ಜಿ ಹಾಕಿದ್ದು ಯಾವ ತಾರೀಖು, ಹೊಸ ನಿಯಮ ಹಳೆಯ ಅರ್ಜಿಗೆ ಅನ್ವಯಿಸುತ್ತದೋ ಇಲ್ಲವೋ: ಆಫೀಸಿನವರ ತಕರಾರು ಈಗ ಅಲ್ಲಿಗೆ ಸರಿದಿದೆ.

ಓಕಾ ಅವರ ಹೆಸರು ಮತ್ತೆ ಬರುತ್ತದೆ ಎಂದಿದ್ದೆ. 2025ರ ಮಾರ್ಚ್ 28. ಸಂಸದ ಇಮ್ರಾನ್ ಪ್ರತಾಪಗಢಿ ಅವರು ವಿಡಿಯೊ ಒಂದಕ್ಕೆ ಹಿನ್ನೆಲೆಯಾಗಿ ಕವಿತೆಯೊಂದನ್ನು ಹಾಕಿದ್ದಕ್ಕೆ ಗುಜರಾತಿನ ಜಾಮ್‌ನಗರದಲ್ಲಿ ಎಫ್‌ಐಆರ್ ಆಗಿತ್ತು, ರದ್ದು ಮಾಡಲು ಅಲ್ಲಿನ ಹೈಕೋರ್ಟ್ ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಓಕಾ ಮತ್ತು ಉಜ್ಜಲ್ ಭುಯಾನ್ ಅವರು ಅದನ್ನು ರದ್ದು ಮಾಡಿದರು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವುಳ್ಳವರ ಅಳತೆಗೋಲಿನಿಂದ ನೋಡಬೇಕು, ಎಲ್ಲದರಲ್ಲೂ ಅಪಾಯ ಕಾಣುವವರದರಿಂದಲ್ಲ ಎಂದರು. ಅದಕ್ಕಿಂತ ಠಾಣೆಗೆ ಹೆಚ್ಚು ತಾಗುವ ಇನ್ನೊಂದು ಮಾತೂ ಅದರಲ್ಲಿದೆ. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173(3)ರ ಪ್ರಕಾರ, ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಎಫ್‌ಐಆರ್‌ಗೆ ಮುಂಚೆ ಡಿವೈಎಸ್‌ಪಿ ಅನುಮತಿಯಿಂದ 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮಾತಿಗೆ, ಬರಹಕ್ಕೆ ಸಂಬಂಧಿಸಿದ ದೂರಾದರೆ ಅದನ್ನು ನಡೆಸುವುದೇ ಸೂಕ್ತ.

ಬೀದರಿನ ತಾರೀಖುಗಳಿಗೆ ಇದನ್ನು ಹಚ್ಚಿ ನೋಡಿ. ದೂರು ಜನವರಿ 26, ಬಂಧನ 30. ನಡುವೆ ನಾಲ್ಕೇ ದಿನ. 14 ದಿನ ಕೂತು ವಿಡಿಯೊ ನೋಡಿದ್ದರೆ ಫೆಬ್ರುವರಿ 9ರ ಹೊತ್ತಿಗೆ ಯಾರಾದರೊಬ್ಬ ಅಧಿಕಾರಿ, ಇದು ಸ್ಕೂಲ್ ನಾಟಕ ಎಂದು ಷರಾ ಬರೆದು ಫೈಲು ಮುಚ್ಚಬಹುದಿತ್ತು. ಆ ತಾಯಿ ಒಂದು ರಾತ್ರಿಯೂ ಜೈಲಿನಲ್ಲಿ ಮಲಗಬೇಕಿರಲಿಲ್ಲ.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದೆ. ಕ್ಯಾಂಟೀನಿನಲ್ಲಿ ಬೀದರಿನ ಕಡೆಯ ಒಬ್ಬ ಕಿರಿಯ ವಕೀಲರ ಎದುರು ಈ ಲೆಕ್ಕ ಇಡುತ್ತೀರಿ. ಅವರು ಚಾ ಕೆಳಗಿಟ್ಟು ಮೊಬೈಲಿನಲ್ಲಿ, ದಂಡ ಸಂಹಿತೆಯ ಜಾಗಕ್ಕೆ ಬಂದ ನ್ಯಾಯ ಸಂಹಿತೆ ತೆಗೆಯುತ್ತಾರೆ. 2024ರ ಜುಲೈ 1ರಿಂದ 124ಎ ಇಲ್ಲ, ಆ ಜಾಗದಲ್ಲಿ 152 ಇದೆ: ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವ ಕೃತ್ಯ.

‘ಶಿಕ್ಷಾ ನೋಡ್ರಿ ಸರ. ಜೀವಾವಧಿ, ಇಲ್ಲಾ ಏಳು ವರ್ಷತನ. ನಿಮ್ಮ 173(3) ಏಳರ ಕೆಳಗಿಂದಕ್ಕ ಅದ. 153ಎ, 505 ಇದ್ದ ಜಾಗಾದಾಗ ಬಂದಾವಲ್ಲ, ಅವಕ್ಕ ಹದಿನಾಲ್ಕು ದಿನ ಸಿಗ್ತದ. ಠಾಣೇದಾಗ ಯಾರರೇ 152 ಬರ್ದ್ರು ಅಂದ್ರ ಆ ಹದಿನಾಲ್ಕು ದಿನ ಸಿಗಂಗಿಲ್ರಿ.’